ಕಿವಿ ಗಡಚಿಕ್ಕುವ ಸದ್ದಿಗೆ ಇಂಗ್ಲಿಷಿನಲ್ಲಿ ಏನನ್ನಬೇಕು?

ಕಳೆದ ಮಳೆಗಾಲದಲ್ಲಿ ಅಕ್ಕನ ಮಗಳು ಜೋಗದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ತಂದಳು. ಏಳನೇ ಕ್ಲಾಸಿನ ಹುಡುಗಿ. ಅದರಲ್ಲೊಂದು ಸಾಲು ಹೀಗಿತ್ತು: ‘ದ ವಾಟರ್ ಈಸ್ ಫಾಲಿಂಗ್ ವಿತ್ ಬಿಗ್ ಸೌಂಡ್.’

“ಸರಿ ಇದ್ಯಾ ಚಿಕ್ಕಿ?” ಅಂತ ಕೇಳಿದಳು.

“ಮೊದಲು ಕನ್ನಡದಲ್ಲಿ ಹೇಳು. ಹೇಗಿತ್ತು ಸದ್ದು?” ಅಂದೆ.

“ಭೋರೋ ಅಂತಿತ್ತು. ಎದೆಯೊಳಗೇ ಗುಡುಗಿದ ಹಾಗೆ. ಅಮ್ಮ ಪಕ್ಕದಲ್ಲೇ ನಿಂತು ಕರೆದರೂ ಕೇಳಿಸಲಿಲ್ಲ.”

ಅವಳ ಕಿವಿಗೆ ಎಲ್ಲ ಗೊತ್ತಿತ್ತು. ಆ ಮೂರು ಮಾತಿನಲ್ಲಿ ಮೂರು ಇಂಗ್ಲಿಷ್ ಪದ ಕೂತಿದ್ದವು. ಭೋರೋ ಅಂತಿತ್ತು ಅಂದರೆ ‘ರೋರಿಂಗ್’. ಗುಡುಗಿದ ಹಾಗೆ ಅಂದರೆ ‘ಥಂಡರಸ್’. ಪಕ್ಕದವರ ಮಾತೂ ಕೇಳಿಸದಂತೆ ಮಾಡುವ ಸದ್ದು ‘ಡೆಫನಿಂಗ್’. ಜೋಗದ ನಾಲ್ಕು ಕವಲುಗಳಲ್ಲಿ ಒಂದರ ಹೆಸರೇ ರೋರರ್ ಅಲ್ವಾ! ರಾಜ, ರಾಣಿ, ರಾಕೆಟ್ ಜೊತೆಗೆ ಆ ಹೆಸರನ್ನೂ ನಾವು ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದೇವೆ. ಅದರೊಳಗೆ ಒಂದು ಸದ್ದಿನ ಪದ ಇದೆ ಅಂತ ನಿಂತು ಯೋಚಿಸಿರುವುದಿಲ್ಲ, ಅಷ್ಟೇ.

ರಜೆಯಲ್ಲಿ ಮನೆಗೆ ಬರುವ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವಾಗ ನಾನು ಕಂಡುಕೊಂಡ ದಾರಿ ಇದು. ದೊಡ್ಡವರಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲ ಹೆಜ್ಜೆ: ‘ಬಿಗ್ ಸೌಂಡ್’ ಬಿಡಿ

ಕನ್ನಡದಲ್ಲಿ ‘ದೊಡ್ಡ ಶಬ್ದ’ ಅನ್ನುತ್ತೇವೆ. ಅದನ್ನೇ ಇಂಗ್ಲಿಷಿಗೆ ಎತ್ತಿಟ್ಟರೆ ‘ಬಿಗ್ ಸೌಂಡ್’ ಆಗುತ್ತದೆ. ಇಂಗ್ಲಿಷಿನವರು ಸದ್ದನ್ನು ಹೀಗೆ ಗಾತ್ರದಲ್ಲಿ ಅಳೆಯುವುದು ಕಡಿಮೆ. ಅವರ ಮಾತು ‘ಲೌಡ್’. ‘ಎ ಲೌಡ್ ನಾಯ್ಸ್’ ಅಂದರೆ ಸರಿಯಾಯಿತು.

ನಮ್ಮ ‘ಜೋರು’ ಇನ್ನೂ ಚೂರು ತೊಡಕಿನದು. ಜೋರು ಮಳೆ, ಜೋರು ದನಿ, ಜೋರಾಗಿ ಓಡು. ಮೂರಕ್ಕೂ ಒಂದೇ ಪದ. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ದನಿ ‘ಲೌಡ್’, ಓಟ ‘ಫಾಸ್ಟ್’. ‘ಹೆವಿ ಸೌಂಡ್’ ಅಂತ ಬರೆಯುವ ಮಕ್ಕಳು ಬಹಳ. ಅದೂ ಬೇಡ.

‘ಸೌಂಡ್’ ಮತ್ತು ‘ನಾಯ್ಸ್’ ನಡುವಿನ ಗೆರೆಯನ್ನೂ ಇಲ್ಲೇ ನೋಡಿಬಿಡೋಣ. ಸೌಂಡ್ ಯಾವುದೇ ಸದ್ದು. ನಾಯ್ಸ್ ಅಂದರೆ ಹೆಚ್ಚಾಗಿ ಬೇಡವಾದ ಸದ್ದು, ಗಲಾಟೆ. ತುಂಗೆ ಹರಿಯುವುದು ಸೌಂಡ್. ಓದುವಾಗ ಪಕ್ಕದ ಮನೆಯ ಟೀವಿ ನಾಯ್ಸ್.

ಎರಡನೇ ಹೆಜ್ಜೆ: ಮೊದಲು ಕನ್ನಡದಲ್ಲಿ ಆ ಸದ್ದು ಮಾಡಿ

ಇದೇ ಮುಖ್ಯ. ನಿಘಂಟು ತೆರೆಯಬೇಡಿ. ತೆರೆದರೆ ಹಾರ್ಷ್, ಸ್ಟ್ರೈಡೆಂಟ್, ರಾಕಸ್, ಗ್ರೇಟಿಂಗ್, ರಾಸ್ಪಿಂಗ್ ಎಲ್ಲದರ ಮುಂದೆಯೂ ಹೆಚ್ಚು ಕಡಿಮೆ ‘ಕರ್ಕಶ’ ಅಂತಲೇ ಸಿಗುತ್ತದೆ. ಐದು ಪದಕ್ಕೆ ಒಂದೇ ಅರ್ಥ ಬರೆದುಕೊಂಡು ಕೂತರೆ ಯಾವುದನ್ನು ಎಲ್ಲಿ ಹಾಕಬೇಕು ಅಂತ ಹೇಗೆ ತಿಳಿಯಬೇಕು?

ಅದರ ಬದಲು ಬಾಯಲ್ಲಿ ಸದ್ದು ಮಾಡಿ ನೋಡಿ. ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಓದಿರುತ್ತೀರಿ. ಕಿರ್ರನೆ, ಚೀಂಯ್, ಢಮಾರ್, ಗುಡುಗುಡು, ಗರಗರ, ದಡಬಡ. ಕನ್ನಡದ ಸಿರಿ ಅದು. ನಮ್ಮ ಅಜ್ಜಿಯಂದಿರು ಬಾಗಿಲು, ಬಾವಿಯ ರಾಟೆ, ದನದ ಗಂಟೆ, ಎಲ್ಲದಕ್ಕೂ ಬೇರೆ ಬೇರೆ ಸದ್ದು ಹೇಳುತ್ತಿದ್ದರು. ಹಾಗೆ ಹೇಳುವಾಗಲೇ ಅರ್ಧ ಕೆಲಸ ಮುಗಿದಿರುತ್ತದೆ.

ಯಾಕೆಂದರೆ ಆ ಪದಗಳ ಸ್ವರ ಗಮನಿಸಿ. ತೆಳ್ಳನೆಯ ಚೂಪು ಸದ್ದಿಗೆ ನಾವು ‘ಇ’, ‘ಈ’ ಹಾಕುತ್ತೇವೆ: ಕಿರುಚು, ಚೀರು, ಕೀಚಲು, ಸಿಳ್ಳೆ. ದಪ್ಪ ಸದ್ದಿಗೆ ‘ಉ’, ‘ಓ’ ಬರುತ್ತದೆ: ಗುಡುಗು, ಭೋರ್ಗರೆತ, ಧುಡುಂ. ಒರಟು ಸದ್ದಿಗೆ ‘ರ’ ಉಜ್ಜುತ್ತೇವೆ: ಗರಗರ, ಪರಪರ, ಗೊರಗೊರ. ಇಂಗ್ಲಿಷಿನಲ್ಲೂ ಬಹುಮಟ್ಟಿಗೆ ಹಾಗೇ ಇದೆ. ಶ್ರಿಲ್, ಸ್ಕ್ರೀಚ್, ಸ್ಕ್ವೀಕ್, ಸ್ಕ್ವೀಲ್ ತೆಳು ಸದ್ದು. ಬೂಮ್, ರೋರ್ ದಪ್ಪ ಸದ್ದು. ಹಾರ್ಷ್, ರಾಸ್ಪ್, ಗ್ರೇಟ್, ರಾಕಸ್ ಒರಟು ಸದ್ದು. ಎಲ್ಲ ಪದವೂ ಈ ಲೆಕ್ಕಕ್ಕೆ ಬರುವುದಿಲ್ಲ ನಿಜ, ಆದರೂ ಬೇಗ ನೆನಪಿಡಲು ಇದಕ್ಕಿಂತ ಒಳ್ಳೆಯ ಗುರುತು ನನಗೆ ಸಿಕ್ಕಿಲ್ಲ.

ಮೂರನೇ ಹೆಜ್ಜೆ: ಯಾವ ಗುಂಪು ಅಂತ ನೋಡಿ

ತೆಳು ಸದ್ದಿನಿಂದ ಶುರು ಮಾಡೋಣ. ಮುಂಗಾರು ಹಿಡಿಯುವ ಮೊದಲು ತೀರ್ಥಹಳ್ಳಿ, ಹೊಸನಗರದ ಕಾಡಿನ ರಸ್ತೆಯಲ್ಲಿ ನಿಂತರೆ ಮರಮರವೂ ‘ಜೀಂಯ್’ ಅನ್ನುತ್ತಿರುತ್ತದೆ. ನಾವು ಜೀರುಂಡೆ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಹಗಲು ಮರದ ಮೇಲೆ ಕೂಗುವುದು ಸಿಕಾಡಾ. ರಾತ್ರಿ ಅಂಗಳದ ಮೂಲೆಯಲ್ಲಿ ಕಿರ್ ಕಿರ್ ಅನ್ನುವುದು ಕ್ರಿಕೆಟ್. ಕ್ರಿಕೆಟ್ ಹುಳ ರೆಕ್ಕೆಗೆ ರೆಕ್ಕೆ ಉಜ್ಜಿ ಸದ್ದು ಮಾಡುತ್ತದೆ. ಸಿಕಾಡಾದ ಗಂಡಿಗೆ ಹೊಟ್ಟೆಯ ಎರಡೂ ಬದಿ ಗೆರೆಗೆರೆಯ ಪೊರೆ ಇರುತ್ತದೆ. ಸ್ನಾಯು ಆ ಪೊರೆಯನ್ನು ಬಹಳ ವೇಗವಾಗಿ ಒಳಕ್ಕೆಳೆದು ಬಿಡುತ್ತದೆ. ಟೊಳ್ಳು ಹೊಟ್ಟೆ ಆ ಸದ್ದನ್ನು ಹೆಚ್ಚಿಸುತ್ತದೆ. ಅಷ್ಟು ಸಣ್ಣ ಜೀವ ಇಡೀ ಗುಡ್ಡ ತುಂಬುವಂತೆ ಕೂಗುವುದು ಹೀಗೆ. ಸಿಕಾಡಾದ ಕೂಗಿಗೆ ಇಂಗ್ಲಿಷಿನವರು ಹಾಕುವ ಪದ ‘ಶ್ರಿಲ್’. ಕ್ರಿಕೆಟಿಗೆ ‘ಚರ್ಪಿಂಗ್’ ಸಾಕು.

ಶ್ರಿಲ್ ಅಂದರೆ ಎತ್ತರದ, ತೆಳುವಾದ, ಕಿವಿಗೆ ಹಿತವಲ್ಲದ ಸದ್ದು. ಪೀಪಿ, ಶಿಳ್ಳೆ, ಕುಕ್ಕರಿನ ವಿಷಲ್, ಎಳೆ ಮಗುವಿನ ಚೀರಾಟ ಎಲ್ಲಕ್ಕೂ ಸರಿ. ಅದಕ್ಕಿಂತ ಒಂದು ಕೈ ಮೇಲೆ ‘ಪಿಯರ್ಸಿಂಗ್’. ಪಿಯರ್ಸ್ ಅಂದರೆ ಚುಚ್ಚು. ಕಿವಿಗೆ ಸೂಜಿ ಹಾಕಿದ ಹಾಗೆ. ‘ಎ ಪಿಯರ್ಸಿಂಗ್ ಸ್ಕ್ರೀಮ್’ ಅಂದರೆ ಮನೆಯಲ್ಲಿದ್ದವರೆಲ್ಲ ಎದ್ದು ಓಡುವಂಥ ಕಿರುಚು. ಹಾವು ಕಂಡವರ ಕೂಗು ನೆನಪಿಸಿಕೊಳ್ಳಿ. ಅದಕ್ಕೂ ಮೇಲೆ ‘ಇಯರ್-ಸ್ಪ್ಲಿಟಿಂಗ್’, ಕಿವಿ ಸೀಳುವಂಥದ್ದು. ಇಷ್ಟವೂ ಅಲ್ಲ, ಕಷ್ಟವೂ ಅಲ್ಲ, ಬರೀ ಎತ್ತರದ ಸದ್ದು ಅಂತ ಹೇಳಬೇಕಾದರೆ ‘ಹೈ-ಪಿಚ್ಡ್’ ಹಾಕಿ.

ಈ ತೆಳು ಸದ್ದು ಯಾಕೆ ಅಷ್ಟು ನಾಟುತ್ತದೆ ಗೊತ್ತಾ? ಹರ್ಟ್ಸ್ ಅಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ, ಹೆಚ್ಚಾದಷ್ಟೂ ಸದ್ದು ತೆಳು. ಮನುಷ್ಯರ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ಅದರಲ್ಲಿ 2,000ದಿಂದ 5,000 ಹರ್ಟ್ಸ್ ನಡುವಿನ ಸದ್ದಿಗೆ ತುಂಬಾ ಚುರುಕು. ಕಿರುಚು, ಶಿಳ್ಳೆಗಳ ಬಲವೆಲ್ಲ ಹೆಚ್ಚಾಗಿ ಅಲ್ಲೇ ಇರುತ್ತದೆ. ಹಾಗಾಗಿ ಸದ್ದು ಅಷ್ಟೇನೂ ಜೋರಿಲ್ಲದಿದ್ದರೂ ಚುಚ್ಚುತ್ತದೆ. ಪಿಯರ್ಸಿಂಗ್ ಸದ್ದು ಡೆಫನಿಂಗ್ ಆಗಿರಲೇಬೇಕು ಅಂತಿಲ್ಲ. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ.

ಲೋಹ ಲೋಹಕ್ಕೆ ಉಜ್ಜಿದ ತೆಳು ಸದ್ದು ‘ಸ್ಕ್ರೀಚಿಂಗ್’. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಇಳಿಯುವಾಗ ಮುಂದಿನ ವಾಹನದ ಬ್ರೇಕು ಕಿರ್ರೋ ಅಂತಲ್ಲ, ಅದು. ಹೊಸ ಚಪ್ಪಲಿ, ಎಣ್ಣೆ ಕಾಣದ ಸೈಕಲ್ಲು ‘ಸ್ಕ್ವೀಕಿ’. ಅಜ್ಜನ ಮನೆಯ ಮರದ ಬಾಗಿಲು, ಅಟ್ಟದ ಏಣಿ ‘ಕ್ರೀಕಿ’. ಅಗ್ಗದ ಮೊಬೈಲಿನ ಸ್ಪೀಕರಿನಿಂದ ಬರುವ ತಗಡಿನಂಥ ಹಾಡಿಗೆ ‘ಟಿನ್ನಿ’ ಅನ್ನುತ್ತಾರೆ. ಟಿನ್ ಅಂದರೆ ನಮ್ಮ ತಗಡೇ ತಾನೆ.

ದಪ್ಪ ಸದ್ದಿಗೆ ಬರೋಣ. ಇಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಗೆ ಕೊರತೆಯೇ ಇಲ್ಲ. ಡೊಳ್ಳು ಕುಣಿತದವರು ಸುತ್ತ ನಿಂತು ಒಟ್ಟಿಗೆ ಹೊಡೆದಾಗ ಅದು ‘ಬೂಮಿಂಗ್’, ‘ಥಂಡರಸ್’. ದೂರದಲ್ಲಿ ಗುಡುಗು ಉರುಳುವುದು, ಮರದ ಲಾರಿ ಏರು ಹತ್ತುವುದು ‘ರಂಬ್ಲಿಂಗ್’. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ತಗಡಿನ ಮಾಡಿನ ಕೆಳಗೆ ಕೂತು ಅದನ್ನು ಕೇಳಿದವರು ‘ಡ್ರಮ್ಮಿಂಗ್’ ಅನ್ನುವ ಪದ ಎಂದೂ ಮರೆಯುವುದಿಲ್ಲ. ಸಕ್ರೆಬೈಲಿನ ಬಿಡಾರದಲ್ಲಿ ಆನೆ ಘೀಳಿಟ್ಟರೆ ‘ಟ್ರಂಪೆಟಿಂಗ್’. ಜಾತ್ರೆಯ ಲೌಡ್‌ಸ್ಪೀಕರು, ಒತ್ತಿ ಹಿಡಿದ ಬಸ್ಸಿನ ಹಾರ್ನು, ತಾಳಗುಪ್ಪದ ರೈಲಿನ ಕೂಗು ‘ಬ್ಲೇರಿಂಗ್’.

ಜೋಗಕ್ಕೆ ಒಂದು ಎಚ್ಚರಿಕೆ ಹೇಳಬೇಕು. 830 ಅಡಿ ಎತ್ತರದಿಂದ ಶರಾವತಿ ಬೀಳುತ್ತದೆ ಅಂತ ವರ್ಷಪೂರ್ತಿ ‘ರೋರಿಂಗ್’ ಹಾಕಬೇಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ನೀರು ಮೇಲೆಯೇ ನಿಲ್ಲುತ್ತದೆ. ಮಾರ್ಚಿನಲ್ಲಿ ಹೋದವರು ಕಂಡದ್ದು ನಾಲ್ಕು ಎಳೆ ನೀರಾದರೆ ಹಾಗೇ ಬರೆಯಲಿ. ಆಗಸ್ಟಿನಲ್ಲಿ ಹೋದವರು ‘ರೋರಿಂಗ್’ ಅನ್ನಲಿ. ಕೇಳಿಸಿಕೊಂಡ ಸದ್ದಿಗೆ ಮಾತ್ರ ಪದ ಹಾಕಬೇಕು.

ಒರಟು ಸದ್ದಿನ ಗುಂಪೇ ನನಗೆ ಬಹಳ ಇಷ್ಟ. ಎಲ್ಲರೂ ‘ಕರ್ಕಶ’ ಅಂತ ಮುಗಿಸುವುದು ಇಲ್ಲೇ. ಆದರೆ ಒಂದೊಂದು ಪದದ ಹಿಂದೆಯೂ ಒಂದೊಂದು ವಸ್ತು ಇದೆ. ಅದನ್ನು ಹಿಡಿದುಕೊಂಡರೆ ಪದ ಕೈ ಬಿಡುವುದಿಲ್ಲ.

‘ಗ್ರೇಟಿಂಗ್’ ತೆಗೆದುಕೊಳ್ಳಿ. ಗ್ರೇಟ್ ಅಂದರೆ ತುರಿ. ತೆಂಗಿನಕಾಯಿ ತುರಿಯುತ್ತೇವಲ್ಲ, ಅದೇ. ಸದ್ದು ನಿಮ್ಮ ನರವನ್ನು ತುರಿಯುತ್ತಿದೆ ಅನ್ನಿಸಿದರೆ ಗ್ರೇಟಿಂಗ್. ಇದರಲ್ಲಿ ಸದ್ದೂ ಇದೆ, ಸಿಟ್ಟೂ ಇದೆ. ನಮ್ಮ ‘ಕಿರಿಕಿರಿ’ಯಲ್ಲಿ ಎರಡೂ ಸೇರಿರುವ ಹಾಗೆ. ‘ರಾಸ್ಪಿಂಗ್’ ಬಡಗಿಯ ಅಂಗಳದಿಂದ ಬಂದದ್ದು. ರಾಸ್ಪ್ ಅಂದರೆ ಮರ ಉಜ್ಜುವ ಒರಟು ಅರ. ಒಣ ಕೆಮ್ಮು, ಉಬ್ಬಸದವರ ಉಸಿರು, ಬೀಡಿ ಸೇದಿ ಸೇದಿ ಕೆಟ್ಟ ಗಂಟಲು ರಾಸ್ಪಿಂಗ್. ‘ಹೋರ್ಸ್’ ಅಂದರೆ ಕಟ್ಟಿದ ಗಂಟಲು, ನೆಗಡಿಯಲ್ಲಿ ಆಗುವಂಥದ್ದು. ಕುದುರೆಯ ಇಂಗ್ಲಿಷ್ ಪದಕ್ಕೂ ಇದಕ್ಕೂ ಉಚ್ಚಾರ ಒಂದೇ. ಬರೆಯುವಾಗ ಇದಕ್ಕೆ ‘ಓ’ ಆದ ಮೇಲೆ ಒಂದು ‘ಎ’ ಜಾಸ್ತಿ. ರಾತ್ರಿ ತೋಟದಾಚೆ ಕಾಡುಕುರಿ (ಒಂದು ಸಣ್ಣ ಜಿಂಕೆ) ಬೊಗಳುವುದನ್ನು ಕೇಳಿದ್ದರೆ ಅದು ‘ಎ ಹೋರ್ಸ್ ಬಾರ್ಕ್’.

‘ರಾಕಸ್’ ಹುಟ್ಟಿದ್ದು ಲ್ಯಾಟಿನ್ನಿನ ‘ಗೊಗ್ಗರು’ ಎಂಬ ಅರ್ಥದ ಪದದಿಂದ. ಈಗ ಅದರಲ್ಲಿ ಗಲಾಟೆಯೂ ಸೇರಿಕೊಂಡಿದೆ. ಕಾಗೆ ಒಂದೇ ಕೂಗಿದರೂ ರಾಕಸ್. ಮದುವೆ ಮನೆಯ ಹಿಂದಿನ ಜಗಲಿಯಲ್ಲಿ ಇಸ್ಪೀಟು ಆಡುವವರ ನಗೆಯೂ ರಾಕಸ್. ಅತ್ತಿ ಹಣ್ಣಾದಾಗ ಮಂಗಟ್ಟೆ ಹಕ್ಕಿಗಳು ಗುಂಪಾಗಿ ಬಂದು ಮಾಡುವ ಗದ್ದಲಕ್ಕೆ ಇದಕ್ಕಿಂತ ಒಪ್ಪುವ ಪದವಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವಾಗ ಮಂಡಗದ್ದೆಯಲ್ಲಿ ಇಳಿದು ತುಂಗೆಯ ನಡುವಿನ ಮರಗಳ ಕಡೆ ಕಿವಿ ಕೊಡಿ. ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿದ ಕಾಲದಲ್ಲಿ ‘ಹಾರ್ಷ್’ ಅನ್ನುವ ಪದಕ್ಕೆ ಅರ್ಥ ಹೇಳುವುದೇ ಬೇಡ.

‘ಸ್ಟ್ರೈಡೆಂಟ್’ ಲ್ಯಾಟಿನ್ನಿನಲ್ಲಿ ಕಿರುಗುಡುವುದು. ಜೋರೂ ಹೌದು, ಒರಟೂ ಹೌದು, ಪಟ್ಟು ಬಿಡದ್ದೂ ಹೌದು. ನವಿಲಿನ ಕೂಗಿಗೆ ಹೊಂದುತ್ತದೆ.

ಹಲವು ಸದ್ದು ತಾಳ ಮೇಳ ಇಲ್ಲದೆ ಕಲಸಿಕೊಂಡರೆ ‘ಕಕಾಫನಸ್’. ಗ್ರೀಕಿನಲ್ಲಿ ಕೆಟ್ಟ ಸದ್ದು ಅಂತಲೇ ಅರ್ಥ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಜಾತ್ರೆ ನಡೆಯುತ್ತದಲ್ಲ, ಅಲ್ಲಿ ತೊಟ್ಟಿಲು, ಪೀಪಿ, ಮೈಕು, ಬಳೆ ಅಂಗಡಿಯವರ ಕೂಗು ಎಲ್ಲ ಒಟ್ಟಿಗೆ ಬರುವ ಕಡೆ ನಿಂತರೆ ಪದ ತಾನಾಗಿ ಬಾಯಿಗೆ ಬರುತ್ತದೆ.

ನಾಲ್ಕನೇ ಹೆಜ್ಜೆ: ಚಂಡೆ ಮದ್ದಲೆಯಲ್ಲಿ ಪರೀಕ್ಷೆ ಮಾಡಿ

ಜೋರಾದದ್ದೆಲ್ಲ ಕೆಟ್ಟದ್ದಲ್ಲ. ಇದನ್ನು ಮಕ್ಕಳಿಗೆ ತಿಳಿಸಲು ನನಗೆ ಸಿಕ್ಕ ದಾರಿ ಯಕ್ಷಗಾನ. ಚಂಡೆಗೆ ಕೋಲಿನ ಪೆಟ್ಟು. ಸದ್ದು ಚೂಪು, ತುಂಡು ತುಂಡು, ಬಯಲಿನಾಚೆಗೂ ಕೇಳುತ್ತದೆ. ‘ಶಾರ್ಪ್’, ‘ರಿಂಗಿಂಗ್’ ಅನ್ನಬಹುದು. ಮದ್ದಲೆಗೆ ಕೈಯ ಪೆಟ್ಟು. ಸದ್ದು ತುಂಬಿಕೊಂಡಿದೆ, ‘ರೆಸೊನೆಂಟ್’. ಇವನ್ನು ‘ಹಾರ್ಷ್’ ಅಂದರೆ ಆಟ ನೋಡಿದವರಿಗೆ ನೋವಾಗುತ್ತದೆ. ಹಾರ್ಷ್, ಗ್ರೇಟಿಂಗ್, ರಾಕಸ್ ಪದಗಳಲ್ಲಿ ‘ನನಗೆ ಹಿಡಿಸಲಿಲ್ಲ’ ಅನ್ನುವ ಮಾತು ಸೇರಿದೆ. ಬೂಮಿಂಗ್, ರಿಂಗಿಂಗ್, ಥಂಡರಸ್ ಪದಗಳಲ್ಲಿ ಅದಿಲ್ಲ. ‘ಥಂಡರಸ್ ಅಪ್ಲಾಸ್’ ಅಂದರೆ ಗುಡುಗಿನಂಥ ಚಪ್ಪಾಳೆ, ಅದು ಹೊಗಳಿಕೆ.

ಭಾಗವತರದು ‘ಕಂಚಿನ ಕಂಠ’ ಅನ್ನುತ್ತೇವೆ. ಅದನ್ನು ಪದಕ್ಕೆ ಪದ ಹಾಕಿ ‘ಬ್ರೇಜನ್’ ಅಂತ ಬರೆದರೆ ಅನಾಹುತ. ಬ್ರೇಜನ್‌ಗೆ ಹಿತ್ತಾಳೆಯ ಅರ್ಥ ಇದ್ದರೂ ಈಗ ಅದು ನಾಚಿಕೆಗೆಟ್ಟವರಿಗೆ ಹೇಳುವ ಮಾತು. ‘ಎ ರಿಂಗಿಂಗ್ ವಾಯ್ಸ್’ ಅನ್ನಿ. ಮೈಕಿಲ್ಲದೆ ಊರಿಗೇ ಕೇಳಿಸುವ ದನಿಯಾದರೆ ‘ಸ್ಟೆಂಟೋರಿಯನ್’ ಇದೆ. ಹೋಮರನ ‘ಇಲಿಯಡ್’ನಲ್ಲಿ ಸ್ಟೆಂಟರ್ ಎಂಬವನಿದ್ದಾನೆ, 50 ಗಂಡಸರು ಒಟ್ಟಿಗೆ ಕೂಗಿದಷ್ಟು ದನಿ ಅವನದು. ಪದ ಬಂದದ್ದು ಅವನ ಹೆಸರಿನಿಂದ. ದಿನದ ಮಾತಿನಲ್ಲಿ ಬಳಸುವುದು ಕಡಿಮೆ, ಬರವಣಿಗೆಯಲ್ಲಿ ಚಂದ.

ಮನುಷ್ಯರ ದನಿಗೆ ಪದ ಹಾಕುವಾಗ ಇನ್ನೂ ಜೋಪಾನ ಬೇಕು. ಶ್ರಿಲ್, ಸ್ಟ್ರೈಡೆಂಟ್ ಎರಡನ್ನೂ ಹೆಂಗಸರ ಮಾತನ್ನು ತೆಗೆದುಹಾಕಲು ಬಹಳ ಬಳಸುತ್ತಾರೆ. ಸಭೆಯಲ್ಲಿ ಒಬ್ಬಾಕೆ ಗಟ್ಟಿಯಾಗಿ ತನ್ನ ಮಾತು ಹೇಳಿದರೆ ‘ಶ್ರಿಲ್’ ಅಂದುಬಿಡುವುದು. ಅದೇ ಎತ್ತರದಲ್ಲಿ ಗಂಡಸು ಹೇಳಿದರೆ ‘ಫೋರ್ಸ್‌ಫುಲ್’. ಇದು ತಪ್ಪು. ದನಿ ಎತ್ತರ ಅಂತಷ್ಟೇ ಹೇಳಬೇಕಾದರೆ ‘ಹೈ-ಪಿಚ್ಡ್’ ಅಥವಾ ‘ಲೌಡ್ ಆ್ಯಂಡ್ ಕ್ಲಿಯರ್’ ಸಾಕು. ತಗ್ಗಿನ ಒರಟು ದನಿಗೆ ‘ಗ್ರಫ್’, ಇಂಪಾಗಿ ಒಡೆದ ದನಿಗೆ ‘ಹಸ್ಕಿ’.

ಐದನೇ ಹೆಜ್ಜೆ: ಜೋಡಿ ಕಲಿಯಿರಿ

ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಜೊತೆಯ ನಾಮಪದದೊಂದಿಗೇ ಬರೆದುಕೊಳ್ಳಿ. ಶ್ರಿಲ್ ವಿಷಲ್. ಪಿಯರ್ಸಿಂಗ್ ಸ್ಕ್ರೀಮ್. ಬ್ಲೇರಿಂಗ್ ಹಾರ್ನ್. ಬೂಮಿಂಗ್ ವಾಯ್ಸ್. ರಾಕಸ್ ಲಾಫ್ಟರ್. ರಾಸ್ಪಿಂಗ್ ಕಾಫ್. ಡೆಫನಿಂಗ್ ರೋರ್. ‘ಬ್ಲೇರಿಂಗ್ ಕಾಫ್’ ಅಂದರೆ ವ್ಯಾಕರಣ ಸರಿಯಿದ್ದರೂ ಕಿವಿಗೆ ಸರಿ ಬರುವುದಿಲ್ಲ.

ಇನ್ನೊಂದು: ‘ವೆರಿ ಲೌಡ್’ ಸರಿ, ‘ವೆರಿ ಡೆಫನಿಂಗ್’ ಅಷ್ಟು ಸರಿಯಲ್ಲ. ಡೆಫನಿಂಗ್‌ನಲ್ಲೇ ‘ತುಂಬಾ’ ಇದೆ. ಒತ್ತಿ ಹೇಳಲೇಬೇಕಾದರೆ ‘ಆ್ಯಬ್ಸಲ್ಯೂಟ್ಲಿ ಡೆಫನಿಂಗ್’. ಒಂದು ವಾಕ್ಯಕ್ಕೆ ಒಂದೇ ಗಟ್ಟಿ ವಿಶೇಷಣ ಇರಲಿ.

ಆರನೇ ಹೆಜ್ಜೆ: ಕೆಲಸಕ್ಕೆ ಹಚ್ಚಿ

ಪದ ಉಳಿಯುವುದು ಬಳಸಿದಾಗ. ಮಿಕ್ಸಿ ಕೆಟ್ಟರೆ, ಪಂಪ್‌ಸೆಟ್ ಕೆಟ್ಟರೆ ಕಂಪನಿಯ ಹೆಲ್ಪ್‌ಲೈನಿಗೆ ಫೋನ್ ಮಾಡುತ್ತೇವೆ. ಆ ಕಡೆ ಕನ್ನಡ ಬಾರದವರು ಸಿಕ್ಕರೆ ‘ಸೌಂಡ್ ಈಸ್ ಕಮಿಂಗ್’ ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಗರಗರ ಅರೆಯುವ ಸದ್ದಾದರೆ ‘ಗ್ರೈಂಡಿಂಗ್’. ಸಡಿಲ ಬೋಲ್ಟಿನ ಲಟಪಟ ‘ರ‍್ಯಾಟ್ಲಿಂಗ್’. ಗುಂಯ್ ಅನ್ನುವುದು ‘ಹಮ್ಮಿಂಗ್’. ಗಾಡಿಯ ಬ್ರೇಕಿನಲ್ಲಿ ಈ ವ್ಯತ್ಯಾಸ ಇನ್ನೂ ಮುಖ್ಯ. ಕೀಂಯ್ ಅನ್ನುವ ‘ಸ್ಕ್ವೀಲಿಂಗ್’ ಅಂದರೆ ಪ್ಯಾಡ್ ಸವೆಯುತ್ತಾ ಬಂದಿರಬಹುದು. ‘ಗ್ರೈಂಡಿಂಗ್’ ಅಂದರೆ ಪ್ಯಾಡ್ ಪೂರ್ತಿ ಸವೆದು ಲೋಹಕ್ಕೆ ಲೋಹ ತಾಗುತ್ತಿರಬಹುದು. ಎರಡನೆಯದು ಕೇಳಿಸಿದರೆ ಘಾಟಿ ಇಳಿಯಬೇಡಿ.

ಕನ್ನಡ ಬಾರದ ಡಾಕ್ಟರ ಮುಂದೆಯೂ ಹಾಗೇ. ದನಿ ಕಟ್ಟಿದರೆ ‘ಹೋರ್ಸ್’. ಉಸಿರು ಬಿಡುವಾಗ ಸುಂಯ್ ಅಂದರೆ ‘ವೀಜಿಂಗ್’. ಉಸಿರು ಎಳೆದುಕೊಳ್ಳುವಾಗ ಕಿರ್ರನೆ ಒರಟು ಸದ್ದು ಬಂದರೆ ವೈದ್ಯರು ‘ಸ್ಟ್ರೈಡರ್’ ಅನ್ನುತ್ತಾರೆ. ಸ್ಟ್ರೈಡೆಂಟ್‌ನ ಮನೆತನದ್ದೇ ಪದ. ಮಕ್ಕಳಲ್ಲಿ ಅದು ಕೇಳಿಸಿದರೆ ಪದ ಹುಡುಕುತ್ತಾ ಕೂರದೆ ತಕ್ಷಣ ಕರೆದುಕೊಂಡು ಹೋಗಿ. ಕಿವಿಯೊಳಗೇ ಸದ್ದು ಬರುತ್ತಿದ್ದರೆ ಅದು ಗಂಟೆಯ ಹಾಗೋ, ದುಂಬಿಯ ಹಾಗೋ, ಹಾವು ಬುಸುಗುಟ್ಟುವ ಹಾಗೋ ಗಮನಿಸಿ. ರಿಂಗಿಂಗ್, ಬಜಿಂಗ್, ಹಿಸ್ಸಿಂಗ್.

ಕೊನೆಯದು ದೂರಿನ ಪತ್ರ. ಕೆಲವು ವರ್ಷದ ಹಿಂದೆ ನಮ್ಮ ಮನೆಯ ಹತ್ತಿರ ರಾತ್ರಿ ಹೊತ್ತು ಮರ ಕೊಯ್ಯುವ ಯಂತ್ರ ಓಡುತ್ತಿತ್ತು. ಅಮ್ಮನಿಗೆ ನಿದ್ದೆ ಇಲ್ಲ. ಸಿಟ್ಟಿನಲ್ಲಿ ಇಂಗ್ಲಿಷಿನಲ್ಲೊಂದು ಅರ್ಜಿ ಬರೆದೆ: ‘ಹಾರಿಬಲ್’, ‘ಟೆರಿಬಲ್’, ‘ಅನ್‌ಬೇರಬಲ್’. ಓದಿದವರಿಗೆ ನನ್ನ ಸಿಟ್ಟು ಮಾತ್ರ ತಿಳಿಯಿತು, ಸದ್ದು ತಿಳಿಯಲಿಲ್ಲ. ಎರಡನೇ ಸಲ ಬೇರೆ ಥರ ಬರೆದೆ. ಯಾವ ಸದ್ದು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಎಷ್ಟು ದೂರದಿಂದ. ‘ಎ ಕಂಟಿನ್ಯುಯಸ್, ಹೈ-ಪಿಚ್ಡ್ ವೈನ್’ ಅಂತ ಹಾಕಿದೆ. ವೈನ್ ಅಂದರೆ ಎಳೆದೆಳೆದು ಬರುವ ಗುಂಯ್ ಸದ್ದು, ಗರಗಸದ ಯಂತ್ರಕ್ಕೆ ಹೇಳಿ ಮಾಡಿಸಿದ ಪದ. ಜೊತೆಗೆ ನಿಯಮ ಬರೆದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನ ವಾಸಿಸುವ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಮಿತಿ ಇನ್ನೂ ಕಡಿಮೆ. ಆ ಪತ್ರ ಓದಿದವರು ಬಂದು ನಿಂತು ಕೇಳಿಸಿಕೊಂಡರು. ಯಂತ್ರ ಹಗಲಿಗೆ ಹೋಯಿತು.

ಅಕ್ಕನ ಮಗಳು ತನ್ನ ಸಾಲನ್ನು ತಿದ್ದಿಕೊಂಡಳು. ‘ವಿತ್ ಬಿಗ್ ಸೌಂಡ್’ ಹೊಡೆದುಹಾಕಿ ‘ವಿತ್ ಎ ಡೆಫನಿಂಗ್ ರೋರ್’ ಅಂತ ಬರೆದು, ಎರಡು ಸಲ ಗಟ್ಟಿಯಾಗಿ ಓದಿದಳು. ಆಮೇಲೆ ಕಿಟಕಿಯ ಹೊರಗೆ ಕಿವಿ ಕೊಟ್ಟು, “ಚಿಕ್ಕಿ, ಕಪ್ಪೆಗೆ ಏನಂತಾರೆ?” ಅಂದಳು. ‘ಕ್ರೋಕಿಂಗ್’ ಅಂತ ಹೇಳಿಕೊಟ್ಟೆ.